ಮೆಟ್ಟು, ಚೆಪ್ಪು, ಕೊಲ್ಹಾಪುರಿ: ಪಾದರಕ್ಷೆಯ ಪದಗಳು ಮತ್ತು ಮಾತಿನ ಧಾಟಿ

ಇಂಗ್ಲಿಷಿನಲ್ಲಿ ‘ಬ್ರೋಗ್’ ಎಂಬ ಒಂದು ಪದವಿದೆ. ನಿಘಂಟುಗಳು ಅದಕ್ಕೆ ಎರಡು ಅರ್ಥಗಳನ್ನು ಕೊಡುತ್ತವೆ. ಒಂದು, ಒರಟು ತೊಗಲಿನ ಗಟ್ಟಿ ಪಾದರಕ್ಷೆ; ಇನ್ನೊಂದು, ಐರ್ಲೆಂಡಿನ ಜನ ಇಂಗ್ಲಿಷ್ ಆಡುವಾಗ ಕೇಳಿಬರುವ ವಿಶಿಷ್ಟ ಉಚ್ಚಾರದ ಧಾಟಿ. ಕಾಲಿನ ತೊಡಿಗೆಗೂ ನಾಲಗೆಯ ನಡೆಗೂ ಒಂದೇ ಪದ ಹೇಗಾಯಿತು ಎಂಬ ಪ್ರಶ್ನೆ ಮೊದಲ ನೋಟಕ್ಕೆ ಕುತೂಹಲದ್ದು ಮಾತ್ರ. ಆದರೆ ಶಬ್ದಾರ್ಥ ವಿಚಾರವನ್ನು ಐಚ್ಛಿಕ ವಿಷಯವಾಗಿ ಓದುವ ವಿದ್ಯಾರ್ಥಿಗೆ ಇದು ಒಳ್ಳೆಯ ಪಾಠ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ಬಿದ್ರಿಗಳ ಪರಿಸರದಲ್ಲಿ ಕನ್ನಡ ಮರಾಠಿಗಳೆರಡನ್ನೂ ಆಡುತ್ತ ಬೆಳೆದ ವಿದ್ಯಾರ್ಥಿಗೆ ಇದು ತನ್ನ ಮನೆಯ ಅಂಗಳದ ವಿಷಯವೂ ಹೌದು.

ಬೂಟಿನಿಂದ ಮಾತಿಗೆ

ಐರಿಷ್ ಭಾಷೆಯಲ್ಲಿ ‘ಬ್ರೋಗ್’ ಎಂದರೆ ಇಂದಿಗೂ ಪಾದರಕ್ಷೆಯೇ. ಆ ಪದ ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಳ್ಳಿಗರು ಮೆಟ್ಟುತ್ತಿದ್ದ ಒರಟು ತೊಗಲಿನ ಪಾದರಕ್ಷೆಯನ್ನು ಸೂಚಿಸುತ್ತಿತ್ತು. ಉಚ್ಚಾರದ ಧಾಟಿ ಎಂಬ ಅರ್ಥ ಕಾಣಿಸಿಕೊಳ್ಳುವುದು ಹದಿನೆಂಟನೆಯ ಶತಮಾನದ ಆರಂಭದ ಹೊತ್ತಿಗೆ. ಎರಡು ಅರ್ಥಗಳ ನಡುವೆ ಒಂದು ಶತಮಾನಕ್ಕೂ ಹೆಚ್ಚಿನ ಅಂತರವಿದೆ.

ಈ ಜಿಗಿತಕ್ಕೆ ವಿದ್ವಾಂಸರು ಎರಡು ಬಗೆಯ ವಿವರಣೆ ಕೊಟ್ಟಿದ್ದಾರೆ. ಮೊದಲನೆಯದು: ಪಾದರಕ್ಷೆಯ ಹೆಸರು ಅದನ್ನು ಮೆಟ್ಟುವ ಜನಕ್ಕೆ ಅಂಟಿತು, ಜನದಿಂದ ಆ ಜನದ ಮಾತಿಗೆ ಅಂಟಿತು. ಎರಡನೆಯದು: ಐರಿಷ್‌ನಲ್ಲಿ ‘ಬರೋಗ್’ ಎಂಬ ಬೇರೊಂದು ಪದವಿದೆ. ಅದರ ಅರ್ಥ ಅಪ್ಪುಗೆ, ಹಿಡಿತ. ನಾಲಗೆಯ ತೊಡಕಿಗೂ ಆ ಪದ ಸಲ್ಲುತ್ತದೆ. ಆ ಪದವು ಇಂಗ್ಲಿಷರ ಕಿವಿಯಲ್ಲಿ ಪಾದರಕ್ಷೆಯ ಪದದೊಡನೆ ಬೆರೆತುಹೋಯಿತು ಎಂಬುದು ಈ ಪಕ್ಷದ ವಾದ.

ಮೊದಲ ವಿವರಣೆ ಭಾರತೀಯ ಕಾವ್ಯಮೀಮಾಂಸೆ ಓದಿದವರಿಗೆ ಹೊಸದಲ್ಲ. ವಾಚ್ಯಾರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಿಸಿದ ಬೇರೊಂದು ಅರ್ಥವನ್ನು ಹಿಡಿಯುವ ಶಕ್ತಿಯನ್ನು ಲಕ್ಷಣಾ ಎನ್ನುತ್ತಾರೆ. ‘ಈಟಿಗಳು ಒಳಬಂದವು’ ಎಂದರೆ ಈಟಿ ಹಿಡಿದ ಭಟರು ಒಳಬಂದರು ಎಂಬ ಅರ್ಥ ಬರುವುದು ಶಾಸ್ತ್ರಗ್ರಂಥಗಳ ಪ್ರಸಿದ್ಧ ಉದಾಹರಣೆ. ಪಾದರಕ್ಷೆ ಎಂದು ಹೇಳಿ ಪಾದರಕ್ಷೆಯವನನ್ನು ತಿಳಿಯುವುದು ಇದೇ ಜಾತಿಯದು. ಅಲ್ಲಿಂದ ಅವನ ಮಾತನ್ನು ತಿಳಿಯುವುದು ಇನ್ನೊಂದು ಹೆಜ್ಜೆ. ‘ದ್ವಿರೇಫ’ ಎಂಬಲ್ಲಿ ಎರಡು ರೇಫಗಳಿಂದ ‘ಭ್ರಮರ’ ಎಂಬ ಪದವನ್ನೂ ಆ ಪದದಿಂದ ದುಂಬಿಯನ್ನೂ ಹಿಡಿಯುವಂತೆ ಇಲ್ಲಿಯೂ ಅರ್ಥ ಎರಡು ಮೆಟ್ಟಿಲು ಏರುತ್ತದೆ.

ಎರಡನೆಯ ವಿವರಣೆ ನಿಜವಾದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಆಗ ಇಲ್ಲಿರುವುದು ಒಂದು ಪದದ ಎರಡು ಅರ್ಥವಲ್ಲ, ಒಂದೇ ರೂಪಕ್ಕೆ ಬಂದು ಕೂತ ಎರಡು ಪದಗಳು. ಈ ಎರಡು ಸಾಧ್ಯತೆಗಳ ನಡುವಣ ಭೇದವೇ ಈ ಪಾಠದ ಮುಖ್ಯ ವಸ್ತು.

ಚೆಪ್ಪು: ಎರಡು ಪದ, ಒಂದು ರೂಪ

ಒಂದೇ ಪದ ಕಾಲಾಂತರದಲ್ಲಿ ಹಲವು ಅರ್ಥಗಳನ್ನು ಪಡೆದರೆ ಅದನ್ನು ನಾನಾರ್ಥ ಪದ ಎನ್ನಬಹುದು. ಬೇರೆ ಬೇರೆ ಮೂಲದ ಎರಡು ಪದಗಳು ಧ್ವನಿವ್ಯತ್ಯಾಸದಿಂದ ಒಂದೇ ರೂಪಕ್ಕೆ ಬಂದರೆ ಅವನ್ನು ಸಮರೂಪ ಪದಗಳೆನ್ನಬಹುದು. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಒಳಗಿನ ಚರಿತ್ರೆ ಮಾತ್ರ ಬೇರೆ.

ತೆಲುಗಿನಲ್ಲಿ ‘ಚೆಪ್ಪು’ ಎಂದರೆ ಪಾದರಕ್ಷೆ. ‘ಚೆಪ್ಪು’ ಎಂದರೆ ಹೇಳು ಎಂದೂ ಅರ್ಥ. ಪಾದರಕ್ಷೆ ಮತ್ತು ಮಾತು ಒಂದೇ ರೂಪದಲ್ಲಿ ಕೂಡಿರುವ ನಿದರ್ಶನ ದ್ರಾವಿಡ ಭಾಷೆಗಳೊಳಗೇ ಇದೆ. ಹಾಗಾದರೆ ತೆಲುಗರು ಮಾತನ್ನು ಪಾದರಕ್ಷೆಗೆ ಹೋಲಿಸಿದರೆ? ಹಾಗೆ ಊಹಿಸುವ ಮೊದಲು ಸೋದರ ಭಾಷೆಗಳನ್ನು ಕೇಳಬೇಕು. ತಮಿಳಿನಲ್ಲಿ ಪಾದರಕ್ಷೆಗೆ ‘ಚೆರುಪ್ಪು’ ಎಂಬ ರೂಪವಿದೆ, ಹೇಳು ಎಂಬುದಕ್ಕೆ ‘ಚೆಪ್ಪು’ ಎಂಬ ರೂಪವಿದೆ. ಅಲ್ಲಿ ಎರಡೂ ಬೇರೆ ಬೇರೆಯಾಗಿಯೇ ಉಳಿದಿವೆ. ತೆಲುಗಿನಲ್ಲಿ ಮೊದಲ ಪದದ ರೇಫ ಪಕಾರದಲ್ಲಿ ಲೀನವಾಗಿ ‘ಚೆಪ್ಪು’ ಎಂಬ ರೂಪ ಬಂದಿತು. ಅದು ಆಗಲೇ ಇದ್ದ ‘ಚೆಪ್ಪು’ ಕ್ರಿಯಾಪದದ ಪಕ್ಕದಲ್ಲಿ ಬಂದು ನಿಂತಿತು. ಆದ್ದರಿಂದ ಇವು ಸಮರೂಪ ಪದಗಳು. ಅರ್ಥಗಳ ನಡುವೆ ಯಾವ ಸೇತುವೆಯೂ ಇಲ್ಲ.

ಇದೇ ಪದದ ಕನ್ನಡ ರೂಪ ‘ಕೆರವು’, ‘ಕೆರ’. ತಮಿಳು ಮತ್ತು ತೆಲುಗುಗಳಲ್ಲಿ ಇ, ಎ ಮೊದಲಾದ ತಾಲವ್ಯ ಸ್ವರಗಳ ಮುಂದೆ ಕಕಾರವು ಚಕಾರವಾಗುತ್ತದೆ. ಕನ್ನಡದಲ್ಲಿ ಕಕಾರ ಉಳಿಯುತ್ತದೆ. ಕನ್ನಡದ ಕಿವಿ ತಮಿಳು ತೆಲುಗುಗಳಲ್ಲಿ ಚೆವಿ. ಕನ್ನಡದ ಕೆರೆ ತೆಲುಗಿನಲ್ಲಿ ಚೆರುವು. ಕನ್ನಡದ ಕೇರಿ ತಮಿಳಿನಲ್ಲಿ ಚೇರಿ. ಅದೇ ಸಾಲಿನಲ್ಲಿ ಕನ್ನಡದ ಕೆರವು ತಮಿಳಿನಲ್ಲಿ ಚೆರುಪ್ಪು, ತೆಲುಗಿನಲ್ಲಿ ಚೆಪ್ಪು. ಬೈಗುಳದಲ್ಲಿ ಮಾತ್ರ ಕೇಳಿಬರುವ ‘ಕೆರ’ ಎಂಬ ಸಣ್ಣ ಪದ ತನ್ನ ಮೊದಲ ವ್ಯಂಜನದಲ್ಲಿ ಮೂಲದ ಕಕಾರವನ್ನು ಹಾಗೆಯೇ ಕಾಪಾಡಿಕೊಂಡಿದೆ ಎಂಬುದನ್ನು ವಿದ್ಯಾರ್ಥಿ ಮರೆಯಬಾರದು.

ಮೆಟ್ಟು: ಒಂದು ಬೇರು, ಹಲವು ಕವಲು

ಕನ್ನಡದ ‘ಮೆಟ್ಟು’ ಇದಕ್ಕೆ ವಿರುದ್ಧವಾದ ನಿದರ್ಶನ. ಕ್ರಿಯಾಪದವಾಗಿ ಇದರ ಮೂಲಾರ್ಥ ಕಾಲಿಡು, ತುಳಿ. ಅಲ್ಲಿಂದ ಕವಲುಗಳು ಹೊರಡುತ್ತವೆ. ಕಾಲಿಗೆ ತೊಡುವುದು ಮೆಟ್ಟುವುದು. ಹಾಗೆ ತೊಟ್ಟದ್ದು ಮೆಟ್ಟು, ಅಂದರೆ ಪಾದರಕ್ಷೆ. ಕಾಲಿಟ್ಟು ಏರುವ ಜಾಗ ಮೆಟ್ಟಿಲು. ಕಷ್ಟವನ್ನು ತುಳಿದು ನಿಲ್ಲುವುದು ಮೆಟ್ಟಿ ನಿಲ್ಲುವುದು. ದೆವ್ವ ಮೈಮೇಲೆ ಬಂದರೆ ‘ದೆವ್ವ ಮೆಟ್ಟಿಕೊಂಡಿದೆ’ ಎನ್ನುತ್ತಾರೆ. ವೀಣೆಯ ದಂಡಿಯ ಮೇಲೆ ಬೆರಳು ಒತ್ತಿ ಸ್ವರ ಹಿಡಿಯಲು ಇರುವ ಲೋಹದ ಕಟ್ಟುಗಳೂ ಮೆಟ್ಟುಗಳೇ. ಸರಸ್ವತೀ ವೀಣೆಯಲ್ಲಿ ಅಂಥ ಮೆಟ್ಟುಗಳು 24.

ಇಲ್ಲಿ ಪ್ರತಿಯೊಂದು ಅರ್ಥಕ್ಕೂ ಮೂಲಾರ್ಥದಿಂದ ಒಂದು ಸೇತುವೆ ಕಾಣುತ್ತದೆ. ಕಾಲು ಊರುವ ಜಾಗ, ಬೆರಳು ಊರುವ ಜಾಗ, ದೆವ್ವ ಊರಿದ ಮೈ: ಎಲ್ಲೆಡೆಯೂ ಒಂದು ವಸ್ತು ಇನ್ನೊಂದರ ಮೇಲೆ ಭಾರ ಬಿಟ್ಟು ನಿಲ್ಲುವ ಭಾವನೆ ಉಳಿದಿದೆ. ಆದ್ದರಿಂದ ಇದು ನಾನಾರ್ಥ ಪದ.

ಕವಲು ಇಲ್ಲಿಗೇ ನಿಲ್ಲುವುದಿಲ್ಲ. ತಮಿಳಿನಲ್ಲಿ ‘ಮೆಟ್ಟು’ ಎಂದರೆ ಹಾಡಿನ ಧಾಟಿ, ರಾಗದ ನಡೆ. ಬೆರಳು ಊರುವ ಮೆಟ್ಟು, ಆ ಮೆಟ್ಟಿನಿಂದ ಹೊಮ್ಮುವ ಸ್ವರ, ಆ ಸ್ವರಗಳ ನಡೆಯಿಂದ ಮೂಡುವ ಧಾಟಿ ಎಂದು ಅರ್ಥದ ಹಾದಿಯನ್ನು ಗುರುತಿಸಬಹುದು. ಹೀಗೆ ಕನ್ನಡ ತಮಿಳುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ‘ಬ್ರೋಗ್’ ಪದದಲ್ಲಿ ಕಂಡ ಜೋಡಿ ‘ಮೆಟ್ಟು’ ಪದದಲ್ಲೂ ಕಾಣುತ್ತದೆ. ಒಂದು ಕಡೆ ಪಾದರಕ್ಷೆ, ಇನ್ನೊಂದು ಕಡೆ ಧಾಟಿ. ವ್ಯತ್ಯಾಸವೆಂದರೆ ಅಲ್ಲಿ ಜೋಡಿ ಕೂಡಿದ್ದು ಪರರ ನಗೆಯಿಂದ, ಇಲ್ಲಿ ಕೂಡಿದ್ದು ಕ್ರಿಯೆಯ ಸಾದೃಶ್ಯದಿಂದ.

ಒಂದು ಎಚ್ಚರ ಅಗತ್ಯ. ಯಕ್ಷಗಾನದಲ್ಲಿ ಹಾಡಿನ ಧಾಟಿಗೆ ‘ಮಟ್ಟು’ ಎನ್ನುತ್ತಾರೆ. ಧ್ವನಿ ಹತ್ತಿರವಿದೆ, ಅರ್ಥವೂ ಹತ್ತಿರವಿದೆ ಎಂದು ಇದನ್ನು ‘ಮೆಟ್ಟು’ ಪದದ ರೂಪಾಂತರವೆಂದು ಒಮ್ಮೆಲೇ ಬರೆದುಬಿಡಬಾರದು. ಅಳತೆ ಎಂಬ ಅರ್ಥದ ‘ಮಟ್ಟ’ ಎಂಬ ಪದವೂ ಕನ್ನಡದಲ್ಲಿ ಪಕ್ಕದಲ್ಲಿಯೇ ಇದೆ. ಎರಡು ದಾರಿಗಳು ತೆರೆದಿರುವಾಗ ಒಂದನ್ನೇ ಹಿಡಿಯಲು ಆಧಾರ ಬೇಕು.

ಒತ್ತು: ಕಾಲಿಗೂ ಅಕ್ಷರಕ್ಕೂ

ಇಂಗ್ಲಿಷಿನಲ್ಲಿ ಮಾತಿನ ಧಾಟಿಯನ್ನು ಹೇಳುವ ಪದವೇ ಪದದೊಳಗಿನ ಒತ್ತನ್ನೂ ಹೇಳುತ್ತದೆ. ಕನ್ನಡದಲ್ಲಿ ‘ಒತ್ತು’ ಎಂಬುದಕ್ಕೆ ಬಹಳ ದೊಡ್ಡ ಹರಹು ಇದೆ. ಗುಂಡಿ ಒತ್ತು ಎಂದರೆ ಅದುಮು. ಅಕ್ಷರದ ಕೆಳಗೆ ಬರುವುದು ಒತ್ತಕ್ಷರ. ಒಂದು ವಿಷಯಕ್ಕೆ ಒತ್ತು ಕೊಡುವುದೆಂದರೆ ಅದಕ್ಕೆ ಪ್ರಾಧಾನ್ಯ ಕೊಡುವುದು. ಹೊಸ ಚಪ್ಪಲಿ ಕಾಲಿಗೆ ಒತ್ತುತ್ತದೆ. ಪಾದರಕ್ಷೆಯ ಬಾಧೆಗೂ ಉಚ್ಚಾರದ ಬಲಕ್ಕೂ ಒಂದೇ ಪದ ಸಲ್ಲುವುದು ಇಲ್ಲಿಯೂ ಆಕಸ್ಮಿಕವಲ್ಲ. ಅದುಮುವ ಕ್ರಿಯೆಯೇ ಸೇತುವೆ.

ಆದರೆ ಭಾಷಾವಿಜ್ಞಾನದ ದೃಷ್ಟಿಯಿಂದ ಒಂದು ಭೇದ ತಿಳಿದಿರಬೇಕು. ಇಂಗ್ಲಿಷಿನಲ್ಲಿ ಒತ್ತಿನ ಸ್ಥಾನ ಬದಲಾದರೆ ಕೆಲವು ಪದಗಳ ಅರ್ಥವೂ ವರ್ಗವೂ ಬದಲಾಗುತ್ತವೆ. ಕನ್ನಡದಲ್ಲಿ ಹಾಗಿಲ್ಲ. ಇಲ್ಲಿ ಅರ್ಥಭೇದ ಮಾಡುವುದು ಸ್ವರದ ಹ್ರಸ್ವದೀರ್ಘ ಮತ್ತು ವ್ಯಂಜನದ ಇಮ್ಮಡಿತನ: ಬಳಿ ಬೇರೆ, ಬಳ್ಳಿ ಬೇರೆ, ಕಡು ಬೇರೆ, ಕಾಡು ಬೇರೆ. ಆದ್ದರಿಂದ ಕನ್ನಡದ ಪ್ರಾದೇಶಿಕ ಧಾಟಿಗಳನ್ನು ಗುರುತಿಸಲು ಒತ್ತನ್ನು ಹುಡುಕುವುದಕ್ಕಿಂತ ಪದಾಂತ್ಯದ ಸ್ವರ, ಸ್ವರದ ಎಳೆತ, ವಾಕ್ಯದ ಏರಿಳಿತಗಳನ್ನು ಗಮನಿಸಬೇಕು. ಮನೆ ಎಂಬುದು ಬೆಳಗಾವಿ, ಧಾರವಾಡ ಸೀಮೆಯಲ್ಲಿ ಮನಿ. ತಲೆ ಎಂಬುದು ತಲಿ. ಮಾಡುತ್ತಾನೆ ಎಂಬುದು ಮಾಡತಾನ. ಇವು ತಪ್ಪುಗಳಲ್ಲ. ಆ ಸೀಮೆಯಲ್ಲೆಲ್ಲ ಒಂದೇ ಕ್ರಮದಲ್ಲಿ ನಡೆಯುವ ನಿಯಮಗಳು.

ಕೊಲ್ಹಾಪುರಿ: ಊರಿನ ಹೆಸರೇ ಪದವಾದಾಗ

ಈ ಸೀಮೆಯಲ್ಲಿ ‘ಬ್ರೋಗ್’ ಪದಕ್ಕೆ ತೀರ ಸಮೀಪದ ನಿದರ್ಶನ ಯಾವುದು? ‘ಕೊಲ್ಹಾಪುರಿ’ ಎಂಬುದೇ. ‘ಕೊಲ್ಹಾಪುರಿ ಮೆಟ್ಟಿಕೊಂಡು ಬಂದ’ ಎಂದರೆ ಚಪ್ಪಲಿ. ‘ಅವನ ಮಾತು ಪಕ್ಕಾ ಕೊಲ್ಹಾಪುರಿ’ ಎಂದರೆ ಧಾಟಿ. ಮೊದಲಲ್ಲಿ ಇದು ವಿಶೇಷಣ: ಕೊಲ್ಹಾಪುರಿ ಚಪ್ಪಲಿ, ಕೊಲ್ಹಾಪುರಿ ಮಾತು, ಕೊಲ್ಹಾಪುರಿ ಬೆಲ್ಲ. ಬಳಕೆ ಹೆಚ್ಚಿದಂತೆ ವಿಶೇಷ್ಯ ಉದುರಿ ವಿಶೇಷಣವೇ ನಾಮಪದವಾಯಿತು. ‘ಬನಾರಸಿ’ ಎಂದರೆ ಸೀರೆ ಎಂದು ತಿಳಿಯುವುದೂ, ‘ಇಳಕಲ್ಲು’ ಎಂದರೆ ಸೀರೆ ಎಂದು ತಿಳಿಯುವುದೂ ಇದೇ ಮಾರ್ಗ. ಈ ಬಗೆಯ ಲೋಪದಿಂದ ಬಂದ ಅರ್ಥವಿಸ್ತಾರವನ್ನು ಲಕ್ಷಣೆಯಿಂದ ಬಂದದ್ದರಿಂದ ಬೇರ್ಪಡಿಸಿ ಬರೆಯಬೇಕು. ಇಲ್ಲಿ ಚಪ್ಪಲಿಯಿಂದ ಮಾತಿಗೆ ಅರ್ಥ ಹರಿದಿಲ್ಲ. ಎರಡೂ ಊರಿನ ಹೆಸರಿನಿಂದ ಪ್ರತ್ಯೇಕವಾಗಿ ಹೊರಟಿವೆ.

ಆ ಊರಿನ ಹೆಸರಿನಲ್ಲಿಯೇ ಎರಡು ಧಾಟಿಗಳಿವೆ. ಕನ್ನಡಿಗರ ಬಾಯಲ್ಲಿ ಕೊಲ್ಲಾಪುರ, ಮರಾಠಿಯಲ್ಲಿ ಕೋಲ್ಹಾಪೂರ. ಲಕಾರ ಇಮ್ಮಡಿಸುವ ನಾಲಗೆ ಒಂದು, ಲಕಾರಕ್ಕೆ ಹಕಾರ ಕೂಡಿಸುವ ನಾಲಗೆ ಇನ್ನೊಂದು. ಶಿಲಾಹಾರರು ಆಳಿದ ಈ ನಾಡಿನಲ್ಲಿ ಕನ್ನಡ ಶಾಸನಗಳು ಹಲವಿವೆ. ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳೂ ಯಾದವ ಸಿಂಘಣನ ಕಾಲದ ನಾಗರಿ ಲಿಪಿಯ ಸಂಸ್ಕೃತ ಶಾಸನವೂ ಒಂದೇ ಆವರಣದಲ್ಲಿವೆ. ಎರಡು ಭಾಷೆಗಳ ನೆರೆ ಇಲ್ಲಿ ನಿನ್ನೆ ಮೊನ್ನೆಯದಲ್ಲ.

ಚಪ್ಪಲಿಯ ಹೆಸರಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ‘ಕೊಲ್ಹಾಪುರಿ’ ಎಂಬುದು ಮಾರುಕಟ್ಟೆಯಲ್ಲಿ ನಡೆಯುವ ಹೆಸರು. ಮಾಡುವವರ ನಡುವೆ ಬಳಕೆಯಾಗುವ ಹೆಸರುಗಳು ಬೇರೆ: ಪಾಯತಾಣ, ಕಾಪಶಿ ಮುಂತಾದವು. ಕಾಪಶಿ ಎಂಬುದು ಬಿದ್ರಿ ಇರುವ ಕಾಗಲ ತಾಲೂಕಿನ ಹಳ್ಳಿಯ ಹೆಸರು. ಇನ್ನು ಕೊಲ್ಹಾಪುರಿ ಎಂದು ಮಾರಾಟವಾಗುವ ಚಪ್ಪಲಿಗಳ ಒಂದು ದೊಡ್ಡ ಪಾಲು ಸಿದ್ಧವಾಗುವುದು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಗಳಲ್ಲಿ, ಕನ್ನಡ ಆಡುವ ಕೈಗಳಲ್ಲಿ. ರಾಯಬಾಗವು ಹಿಂದೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಪ್ರೋತ್ಸಾಹ ಕೊಟ್ಟವರು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ವಿಲೀನವಾಯಿತು. 1956ರ ಭಾಷಾವಾರು ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಗಡಿಗೆರೆ ಬಿದ್ದರೂ ಹದ ಮಾಡುವ ರೀತಿ ಎರಡೂ ಬದಿಯಲ್ಲಿ ಒಂದೇ ಉಳಿಯಿತು: ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ತೊಗಲನ್ನು ನೆನೆಸುವುದು, ಅಟ್ಟೆಯ ಪದರಗಳನ್ನು ತೊಗಲಿನ ದಾರದಿಂದಲೇ ಕೈಯಲ್ಲಿ ಹೊಲಿಯುವುದು.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ದೊರೆತಾಗ ಅದು ಎರಡೂ ರಾಜ್ಯಗಳಿಗೆ ಜಂಟಿಯಾಗಿ ದೊರೆಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಒಟ್ಟು 8 ಜಿಲ್ಲೆಗಳು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ಎರಡೂ ರಾಜ್ಯಗಳಲ್ಲಿ ಆಕ್ಷೇಪ ಎದ್ದಿತು. ಭಾರತದ ಸಾಂಪ್ರದಾಯಿಕ ಪಾದರಕ್ಷೆಗಳಿಂದ ಪ್ರೇರಣೆ ಪಡೆದದ್ದನ್ನು ಆ ಸಂಸ್ಥೆ ಅನಂತರ ಒಪ್ಪಿಕೊಂಡಿತು. ಆ ವಿವಾದದ ತಿರುಳು ಒಂದು ಪದವೇ. ವಸ್ತುವಿನಿಂದ ಅದರ ಹೆಸರನ್ನು ಕಳಚಿದರೆ ಅದನ್ನು ಮಾಡಿದ ಕೈಗಳೂ ಕಳಚಿಹೋಗುತ್ತವೆ.

ಒಂದೇ ವಸ್ತು, ಮೇಲು ಕೀಳಿನ ಪದಗಳು

ಕನ್ನಡದಲ್ಲಿ ಪಾದರಕ್ಷೆಗೆ ಇರುವ ಪದಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಬೇಕು: ಕೆರ, ಮೆಟ್ಟು, ಕಾಲ್ಮರಿ, ಜೋಡು, ಚಪ್ಪಲಿ, ಪಾದರಕ್ಷೆ, ಹಾವುಗೆ, ಪಾದುಕೆ. ವಸ್ತು ಬಹುಮಟ್ಟಿಗೆ ಒಂದೇ. ಆದರೆ ಕೆರ ಎಂಬುದು ಬೈಗುಳಕ್ಕೆ ಇಳಿದಿದೆ, ಪಾದುಕೆ ಎಂಬುದು ದೇವರ ಕೋಣೆಗೆ ಏರಿದೆ. ಅಚ್ಚ ದೇಶ್ಯ ಪದಕ್ಕೆ ಅರ್ಥಾಪಕರ್ಷ, ಸಂಸ್ಕೃತ ಪದಕ್ಕೆ ಅರ್ಥೋತ್ಕರ್ಷ. ‘ಹಾವುಗೆ’ ಎಂಬುದು ಸಂಸ್ಕೃತದ ಪಾದುಕೆಯೇ ಪ್ರಾಕೃತದ ದಾರಿಯಲ್ಲಿ ಬಂದು ‘ಪಾವುಗೆ’ ಎಂದಾಗಿ, ಮುಂದೆ ಪಕಾರ ಹಕಾರವಾಗಿ ನಿಂತ ತದ್ಭವ. ಮರಾಠಿಯ ‘ವಹಾಣ’ ಸಂಸ್ಕೃತದ ‘ಉಪಾನಹ್’ ಎಂಬುದರಿಂದ ಬಂದದ್ದು. ಎಷ್ಟೇ ದೊಡ್ಡ ವಂಶದಿಂದ ಬಂದರೂ ಕಾಲಿನ ವಹಾಣ ಕಾಲಲ್ಲೇ ಇರಬೇಕು ಎಂಬ ಗಾದೆಗೆ ಅದು ಸಿಕ್ಕಿಕೊಂಡಿತು. ಆ ಗಾದೆ ಹೇಳುವುದು ಪಾದರಕ್ಷೆಯ ವಿಷಯವನ್ನಲ್ಲ, ಮನುಷ್ಯರ ವಿಷಯವನ್ನು.

ಪದಗಳ ಈ ಮೆಟ್ಟಿಲನ್ನು ಕಟ್ಟಿದ್ದು ಧ್ವನಿನಿಯಮವಲ್ಲ, ಸಮಾಜ. ತೊಗಲು ಹದ ಮಾಡುವ ಡೋಹರರನ್ನೂ ಪಾದರಕ್ಷೆ ಹೊಲಿಯುವ ಸಮಗಾರರನ್ನೂ ಊರಿನ ಅಂಚಿಗೆ ಇಟ್ಟ ವ್ಯವಸ್ಥೆ ಅವರ ಕಸುಬಿನ ಪದಗಳನ್ನೂ ಭಾಷೆಯ ಅಂಚಿಗೆ ತಳ್ಳಿತು. ಇದನ್ನು ಹನ್ನೆರಡನೆಯ ಶತಮಾನದಲ್ಲಿ ಶರಣರು ಪ್ರಶ್ನಿಸಿದರು. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರು, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತರು ಎಂಬ ಕಥೆ ಶರಣ ಪರಂಪರೆಯಲ್ಲಿ ಪ್ರಸಿದ್ಧ. ಕೊಲ್ಹಾಪುರಿ ಚಪ್ಪಲಿಯ ಕಸುಬಿನವರಲ್ಲಿ ಹರಳಯ್ಯನವರ ನೆನಪು ಇಂದಿಗೂ ಇದೆ. ಆ ಕಥೆಯಲ್ಲಿ ‘ಚಮ್ಮಾವುಗೆ’ ಎಂಬ ಪದ ಕಾಲಿನಿಂದ ತಲೆಗೆ ಏರಿತು. ಅರ್ಥೋತ್ಕರ್ಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪರೀಕ್ಷೆಯ ಉತ್ತರದಲ್ಲಿಯೂ ಬೇಕಾಗುವುದಿಲ್ಲ.

ಧಾಟಿಗೆ ಹೆಸರಿಡುವವರು ಯಾರು?

ಪಾದರಕ್ಷೆಯ ಪದಗಳಿಗೆ ಆದದ್ದೇ ಮಾತಿನ ಧಾಟಿಗಳಿಗೂ ಆಗುತ್ತದೆ. ಐರಿಷ್ ಹಳ್ಳಿಗನಿಗೆ ತನ್ನ ಮಾತು ‘ಬ್ರೋಗ್’ ಅಲ್ಲ, ಮಾತು. ಅದಕ್ಕೆ ಒರಟು ಪಾದರಕ್ಷೆಯ ಹೆಸರಿಟ್ಟದ್ದು ಅವನನ್ನು ಆಳುತ್ತಿದ್ದವರ ಕಿವಿ. ಫ್ರೆಂಚಿನಲ್ಲಿ ಹಳ್ಳಿಯ ಆಡುಮಾತಿಗೆ ಹೇಳುವ ‘ಪಾತ್ವಾ’ ಎಂಬ ಪದವನ್ನೂ ಪ್ರಾಣಿಯ ಪಂಜ ಎಂಬ ಅರ್ಥದ ಪದಕ್ಕೆ ಹಲವರು ಜೋಡಿಸುತ್ತಾರೆ. ಮರಾಠಿಯಲ್ಲಿ ‘ಕಾನಡಾ’ ಎಂದರೆ ಕನ್ನಡದವನು. ಸುಲಭಕ್ಕೆ ಅರ್ಥವಾಗದವನು ಎಂಬ ಛಾಯೆಯೂ ಅದಕ್ಕಿದೆ. ಸಂತಸಾಹಿತ್ಯದಲ್ಲಿ ಪಂಢರಪುರದ ವಿಠ್ಠಲನಿಗೆ ಬಂದ ಈ ವಿಶೇಷಣದಲ್ಲಿ ಎರಡೂ ಅರ್ಥಗಳು ಕೂಡಿ ಭಕ್ತಿಯಾಗಿವೆ. ಅದೇ ಪದ ನಗರದ ಹರಟೆಯಲ್ಲಿ ನಗೆಯೂ ಆಗಬಲ್ಲದು. ಧಾಟಿಗೆ ಹೆಸರಿಡುವವನು ಸಾಮಾನ್ಯವಾಗಿ ಕೇಳುವವನು, ಆಡುವವನಲ್ಲ.

ಗಡಹಿಂಗ್ಲಜ ಅಥವಾ ಇಚಲಕರಂಜಿಯ ಕನ್ನಡ ವಿದ್ಯಾರ್ಥಿ ಎರಡು ಕಿವಿಗಳ ನಡುವೆ ನಿಂತಿರುತ್ತಾನೆ. ಪುಣೆಗೆ ಹೋದರೆ ಅವನ ಮರಾಠಿಯಲ್ಲಿ ‘ಕಾನಡೀ ಹೇಲ’ ಕೇಳಿಸುತ್ತದೆ. ಬೆಂಗಳೂರಿಗೆ ಹೋದರೆ ಅವನ ಕನ್ನಡ ‘ಮರಾಠಿ ಕನ್ನಡ’. ಇದರಿಂದ ಕೆಲವರು ತರಗತಿಯಲ್ಲಿ ಬಾಯಿ ಬಿಡುವುದನ್ನೇ ಬಿಡುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ಗೊತ್ತಿರುವ ಉತ್ತರವೂ ಗಂಟಲಲ್ಲಿ ನಿಲ್ಲುತ್ತದೆ. ನಷ್ಟ ಅಂಕಗಳದ್ದು ಮಾತ್ರವಲ್ಲ. ಮನೆಯ ಮಾತನ್ನು ಅಂಗಡಿಯ ಹೊರಗೆ ಬಿಟ್ಟ ಚಪ್ಪಲಿಯಂತೆ ಬಿಟ್ಟುಬಂದವನು ಅದನ್ನು ಮರಳಿ ಮೆಟ್ಟಲು ನಾಚುತ್ತಾನೆ.

ಈ ನಾಚಿಕೆಗೆ ಶಾಸ್ತ್ರದ ಆಧಾರವಿಲ್ಲ. ಒಂದೆರಡು ನಿದರ್ಶನ ಸಾಕು. ಈ ಕಡೆಯ ಕನ್ನಡದಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ‘ಮಾಡಾಕ ಹತ್ತ್ಯಾನ’ ಎನ್ನುತ್ತಾರೆ. ಮರಾಠಿಯಲ್ಲಿ ‘ಕರಾಯಲಾ ಲಾಗಲಾಯ’ ಎಂಬ ರಚನೆಯಿದೆ. ಹತ್ತು ಎಂಬುದಕ್ಕೂ ‘ಲಾಗ’ ಎಂಬುದಕ್ಕೂ ಮೂಲಾರ್ಥ ತಗುಲು, ಅಂಟು. ಬೆಂಕಿ ಹತ್ತಿತು ಎಂದರೆ ‘ಆಗ ಲಾಗಲೀ’. ಎರಡು ಭಾಷೆಗಳೂ ಒಂದೇ ಭಾವನೆಯಿಂದ ಒಂದೇ ಬಗೆಯ ಕ್ರಿಯಾರೂಪ ಕಟ್ಟಿವೆ. ಇನ್ನೊಂದು: ಪ್ರಮಾಣ ಮರಾಠಿಯಲ್ಲಿ ಹೆಣ್ಣು ‘ಮೀ ಜಾತೇ’ ಎನ್ನಬೇಕು, ಗಂಡು ‘ಮೀ ಜಾತೋ’ ಎನ್ನಬೇಕು. ಕೊಲ್ಹಾಪುರದ ಹೆಂಗಸರ ಮಾತಿನಲ್ಲಿ ‘ಮೀ ಜಾತೋ’ ಎಂಬುದೇ ಸಹಜ. ಕನ್ನಡದ ‘ನಾನು ಹೋಗುತ್ತೇನೆ’ ಎಂಬಲ್ಲಿ ಲಿಂಗಭೇದವಿಲ್ಲ. ಪುರುಷರೂಪವೇ ಇಬ್ಬರಿಗೂ ಸಲ್ಲುವ ಈ ಬಳಕೆಯನ್ನು ಕನ್ನಡದ ಸಹವಾಸದ ಗುರುತೆಂದು ನೋಡುವುದಕ್ಕೆ ಅವಕಾಶವಿದೆ. ಅಣ್ಣಾ, ಅಕ್ಕಾ, ಅಡಕಿತ್ತಾ ಎಂಬ ಪದಗಳು ಕನ್ನಡದಿಂದ ಮರಾಠಿಗೆ ಹೋದವು; ಪಾವಣ್ಯಾರು ಎಂಬ ಪದ ಮರಾಠಿಯಿಂದ ಈ ಸೀಮೆಯ ಕನ್ನಡಕ್ಕೆ ಬಂದಿತು. ಗಡಹಿಂಗ್ಲಜದ ಪಕ್ಕದಲ್ಲಿ ಹರಿದ ಹಿರಣ್ಯಕೇಶಿಯೇ ಮುಂದೆ ಸಂಕೇಶ್ವರದ ಹಿರಣ್ಯಕೇಶಿ. ಪದಗಳೂ ಹಾಗೆಯೇ ಹರಿದವು.

ಕನ್ನಡದ ಮೊದಲ ಲಕ್ಷಣಗ್ರಂಥವೂ ಈ ವಿಷಯದಲ್ಲಿ ಉದಾರವಾಗಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡವನ್ನು ಬಹುವಚನದಲ್ಲಿ ‘ಕನ್ನಡಂಗಳ್’ ಎಂದು ಕರೆಯುತ್ತದೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷವನ್ನೆಲ್ಲ ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎಂಬ ಭಾವದ ಮಾತು ಅಲ್ಲಿದೆ. ಕನ್ನಡದ ತಿರುಳಿನ ನಾಡೆಂದು ಅದು ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದಾದ ಒಕ್ಕುಂದ ಇಂದಿನ ಬೆಳಗಾವಿ ಜಿಲ್ಲೆಯಲ್ಲಿದೆ. ಕೊಲ್ಹಾಪುರದ ಕನ್ನಡಿಗ ತಿರುಳ್ಗನ್ನಡದಿಂದ ಬಹುದೂರದವನೆಂದು ಭಾವಿಸಬೇಕಾಗಿಲ್ಲ.

ಹಾಗೆಂದು ಬರವಣಿಗೆಯಲ್ಲಿ ಯಾವ ರೂಪವಾದರೂ ನಡೆಯುತ್ತದೆ ಎಂದು ತಿಳಿಯಬಾರದು. ಹೊಲಕ್ಕೆ ಹೋಗುವ ಮೆಟ್ಟು ಬೇರೆ, ಮದುವೆಗೆ ಹೋಗುವ ಮೆಟ್ಟು ಬೇರೆ. ಉತ್ತರಪತ್ರಿಕೆಗೆ ಶಿಷ್ಟರೂಪ ಬೇಕು. ಅದನ್ನು ಕಲಿಯುವುದು ವಿದ್ಯಾರ್ಥಿಯ ಕರ್ತವ್ಯ. ಆದರೆ ಶಿಷ್ಟರೂಪ ಕಲಿಯಲು ಮನೆಯ ರೂಪವನ್ನು ತಪ್ಪೆಂದು ಅಳಿಸಬೇಕಾಗಿಲ್ಲ. ‘ಮನಿ’ ಎಂದು ಆಡುವವನಿಗೆ ‘ಮನೆ’ ಎಂದು ಬರೆಯಲು ಬಂದರೆ ಅವನಿಗೆ ಎರಡು ರೂಪಗಳೂ ಅವುಗಳ ನಡುವಣ ನಿಯಮವೂ ಗೊತ್ತಿವೆ ಎಂದರ್ಥ. ಒಂದೇ ರೂಪ ಬಲ್ಲವನಿಗಿಂತ ಅವನ ಭಾಷಾಜ್ಞಾನ ಹೆಚ್ಚಿನದು.

ಸಾರಾಂಶ

ಒಂದೇ ರೂಪಕ್ಕೆ ಎರಡು ಅರ್ಥ ಕಂಡಾಗ ವಿದ್ಯಾರ್ಥಿ ನಾಲ್ಕು ಪ್ರಶ್ನೆ ಕೇಳಬೇಕು. ಸೋದರ ಭಾಷೆಗಳಲ್ಲಿ ಎರಡು ಅರ್ಥಗಳಿಗೂ ಒಂದೇ ರೂಪವಿದೆಯೇ? ಯಾವ ಅರ್ಥ ಮೊದಲು ದಾಖಲಾಗಿದೆ? ಎರಡರ ನಡುವೆ ನಂಬಬಹುದಾದ ಸೇತುವೆ ಇದೆಯೇ? ಆ ಹೆಸರನ್ನು ಇಟ್ಟವರು ಯಾರು, ಯಾರಿಗೆ ಇಟ್ಟರು? ಮೊದಲ ಪ್ರಶ್ನೆ ತೆಲುಗಿನ ‘ಚೆಪ್ಪು’ ಸಮರೂಪವೆಂದು ತೋರಿಸಿತು. ಮೂರನೆಯ ಪ್ರಶ್ನೆ ‘ಮೆಟ್ಟು’ ಮತ್ತು ‘ಒತ್ತು’ ನಾನಾರ್ಥವೆಂದು ತೋರಿಸಿತು. ‘ಕೊಲ್ಹಾಪುರಿ’ ಪದದಲ್ಲಿ ವಿಶೇಷ್ಯಲೋಪದಿಂದ ಅರ್ಥ ಹಬ್ಬಿತು. ‘ಬ್ರೋಗ್’ ಪದದಲ್ಲಿ ವಿದ್ವಾಂಸರ ಎರಡು ಪಕ್ಷಗಳಿವೆ. ಯಾವ ಪಕ್ಷ ಹಿಡಿದರೂ ಕಾರಣ ಕೊಡಬೇಕು. ನಾಲ್ಕನೆಯ ಪ್ರಶ್ನೆ ವ್ಯಾಕರಣದ ಪುಸ್ತಕದಲ್ಲಿ ಇರುವುದಿಲ್ಲ. ಆದರೂ ಅದನ್ನು ಕೇಳದೆ ಬಿಟ್ಟರೆ ಪದದ ಅರ್ಧ ಚರಿತ್ರೆ ಮಾತ್ರ ತಿಳಿದಂತಾಗುತ್ತದೆ.

ಅಭ್ಯಾಸಕ್ಕೆ

1. ‘ಜೋಡು’ ಎಂಬ ಪದಕ್ಕೆ ಜೊತೆ, ಪಾದರಕ್ಷೆ, ಕವಚ ಎಂಬ ಅರ್ಥಗಳಿವೆ. ಮರಾಠಿಯ ‘ಜೋಡಾ’ ಪದದೊಡನೆ ಹೋಲಿಸಿ, ಇದು ನಾನಾರ್ಥವೋ ಸಮರೂಪವೋ ಎಂಬುದನ್ನು ಕಾರಣಸಹಿತ ಬರೆಯಿರಿ.

2. ಕನ್ನಡದಲ್ಲಿ ಕಕಾರ, ತಮಿಳು ಅಥವಾ ತೆಲುಗಿನಲ್ಲಿ ಚಕಾರ ಇರುವ ಇನ್ನೂ ಮೂರು ಜೋಡಿಗಳನ್ನು ಹುಡುಕಿರಿ.

3. ಊರಿನ ಹೆಸರು ವಸ್ತುವಿನ ಹೆಸರಾಗಿ ನಿಂತ ಐದು ಪದಗಳನ್ನು ಪಟ್ಟಿ ಮಾಡಿ, ಉದುರಿಹೋದ ವಿಶೇಷ್ಯವನ್ನು ಎದುರಿಗೆ ಬರೆಯಿರಿ.

4. ನಿಮ್ಮ ಮನೆಯ ಹಿರಿಯರ ಮಾತಿನಿಂದ ಪಠ್ಯಪುಸ್ತಕದಲ್ಲಿ ಇಲ್ಲದ ಹತ್ತು ರೂಪಗಳನ್ನು ಅವರು ಆಡಿದಂತೆಯೇ ಬರೆದುಕೊಳ್ಳಿರಿ. ಅವುಗಳ ಎದುರಿಗೆ ಶಿಷ್ಟರೂಪವನ್ನು ಬರೆದು, ಎರಡರ ನಡುವಣ ಧ್ವನಿನಿಯಮವನ್ನು ಗುರುತಿಸಿರಿ. ‘ತಪ್ಪು’, ‘ಸರಿ’ ಎಂಬ ಪದಗಳನ್ನು ಬಳಸದೆ ಈ ಉತ್ತರವನ್ನು ಬರೆಯಬೇಕು.